ನವಜಾತ ಶಿಶುಗಳ ಐಸಿಯುನಲ್ಲಿದ್ದ (ಎನ್‌ಐಸಿಯು) ಮಗಳಿಗೆ ತುರ್ತು ಜೀನ್ ಪರೀಕ್ಷೆ: ಐದಕ್ಕೆ ನಾಲ್ಕು ಸ್ಟಾರ್

ಬೆಂಗಳೂರಿನ ಒಂದು ಖಾಸಗಿ ಲ್ಯಾಬ್‌ನಲ್ಲಿ ಮಾಡಿಸಿದ ತುರ್ತು ಎಕ್ಸೋಮ್ ಪರೀಕ್ಷೆಯ (ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಸಲು ಬೇಕಾದ ಭಾಗಗಳನ್ನೆಲ್ಲ ಒಟ್ಟಿಗೆ ಓದುವುದು) ಬಗ್ಗೆ ಬರೆಯುತ್ತಿದ್ದೇನೆ. ಇಂಥದ್ದೇ ಸ್ಥಿತಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ.

ಹುಟ್ಟಿದ ಮೊದಲ ವಾರದಲ್ಲೇ ಮಗುವಿಗೆ ಫಿಟ್ಸ್ ಶುರುವಾಯಿತು. ಮಾಮೂಲಿ ಔಷಧಿಗಳಿಗೆ ಬಗ್ಗಲಿಲ್ಲ. ಡಾಕ್ಟರು ವಿಟಮಿನ್ ಬಿ6 ಕೊಟ್ಟು ನೋಡಿದರು, ಫಿಟ್ಸ್ ಕಡಿಮೆಯಾಯಿತು, ಆದರೆ ಅದು ಬಿ6ನಿಂದಲೋ ಜೊತೆಗೆ ಕೊಡುತ್ತಿದ್ದ ಬೇರೆ ಔಷಧಿಗಳಿಂದಲೋ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಹಾಗಾಗಿ ಮಗು, ನಾನು, ನನ್ನ ಹೆಂಡತಿ, ಮೂವರ ರಕ್ತವೂ ಲ್ಯಾಬ್‌ಗೆ ಹೋಯಿತು. ಖರ್ಚು ಜಾಸ್ತಿ ಅಂತ ನಿಮ್ಮಿಬ್ಬರ ರಕ್ತ ಕೊಡುವುದನ್ನು ಬಿಡಬೇಡಿ. ಮಗುವಿನಲ್ಲಿ ಕಂಡ ಬದಲಾವಣೆ ಯಾರಿಂದ ಬಂತು, ಅಥವಾ ಹೊಸದಾಗಿ ಆಗಿದ್ದಾ ಅಂತ ಆಗಲೇ ಬೇಗ ಗೊತ್ತಾಗುವುದು.

ಮಾಮೂಲಿ ಎಕ್ಸೋಮ್‌ಗೆ ವಾರಗಟ್ಟಲೆ ಕಾಯಬೇಕು. ನಮಗೆ ವಾರದೊಳಗೆ ಉತ್ತರ ಬಂತು: ಎಎಲ್‌ಡಿಎಚ್7ಎ1 ಜೀನ್‌ನ ಎರಡೂ ಪ್ರತಿಗಳಲ್ಲಿ ದೋಷ. ಅಂದರೆ ಬಿ6 ಇಲ್ಲದೆ ಹತೋಟಿಗೆ ಬಾರದ ಫಿಟ್ಸ್. ಬಿ6 ಜೀವನಪೂರ್ತಿ ಬೇಕು, ಲೈಸಿನ್ (ಪ್ರೋಟೀನ್‌ನಲ್ಲಿರುವ ಒಂದು ಅಂಶ) ಕಡಿಮೆ ಇರುವ ಆಹಾರ ಬೇಕು. ಉಳಿದ ಔಷಧಿಗಳನ್ನು ಡಾಕ್ಟರು ಒಂದೊಂದಾಗಿ ಇಳಿಸಿದರು.

ಒಂದು ಸ್ಟಾರ್ ಕಳೆದಿದ್ದಕ್ಕೆ ಕಾರಣ ಇದೆ. ವರದಿ ಶನಿವಾರ ಸಂಜೆ ಇಮೇಲ್‌ನಲ್ಲಿ ಬಂತು, ಪೂರ್ತಿ ಇಂಗ್ಲಿಷ್, ವಿವರಿಸಲು ಸೋಮವಾರದವರೆಗೆ ಯಾರೂ ಸಿಗಲಿಲ್ಲ. ಮಗು ಎನ್‌ಐಸಿಯುನಲ್ಲಿದ್ದಾಗ ಹೀಗೆ ಮಾಡಬಾರದು. ವೇಗಕ್ಕೆ ದುಡ್ಡು ತೆಗೆದುಕೊಂಡ ಮೇಲೆ ಭಾನುವಾರವೂ ಒಬ್ಬರು ಫೋನ್ ಎತ್ತಬೇಕು, ಅಲ್ವಾ?

ಆದರೆ ಸೋಮವಾರ ಸಿಕ್ಕ ಜೆನೆಟಿಕ್ ಕೌನ್ಸೆಲರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಮನೆಯಲ್ಲಿ ಆಗಲೇ ಎಲ್ಲರ ಕಣ್ಣೂ ಅವಳ ಮೇಲಿತ್ತು. ಆ ಮೇಡಂ ನಮ್ಮ ಅಮ್ಮನನ್ನೂ ಕೂರಿಸಿಕೊಂಡು, ಕನ್ನಡದಲ್ಲೇ, ಕಾಗದದ ಮೇಲೆ ವಂಶವೃಕ್ಷ ಬರೆದು ತೋರಿಸಿದರು: ದೋಷ ಇಬ್ಬರಿಂದಲೂ ಒಂದೊಂದು ಬಂದಿದೆ, ಇಬ್ಬರೂ ಆರೋಗ್ಯವಾಗಿದ್ದಾರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವುದಕ್ಕೆ ನಾಲ್ಕರಲ್ಲಿ ಒಂದು ಸಾಧ್ಯತೆ, ಮುಂದಿನ ಸಲ 11 ವಾರದ ನಂತರ ಪರೀಕ್ಷೆ ಮಾಡಿಸಬಹುದು. ಅಮ್ಮ ಅವತ್ತಿನಿಂದ ಆ ಮಾತು ಎತ್ತಿಲ್ಲ.

ಎಲ್ಲರಿಗೂ ಉತ್ತರ ಸಿಗುತ್ತದೆ ಅಂತ ಮಾತ್ರ ನಂಬಬೇಡಿ. ಕ್ಯಾಲಿಫೋರ್ನಿಯಾದ ಪ್ರಾಜೆಕ್ಟ್ ಬೇಬಿ ಬೇರ್‌ನಲ್ಲಿ ಐಸಿಯುನಲ್ಲಿದ್ದ 178 ಶಿಶುಗಳ ಪೂರ್ತಿ ಜೀನೋಮ್ (ಎಕ್ಸೋಮ್ ಅಷ್ಟೇ ಅಲ್ಲ, ಇಡೀ ಡಿಎನ್‌ಎ) ನೋಡಿದಾಗಲೂ ಕಾಯಿಲೆ ಪತ್ತೆಯಾಗಿದ್ದು 76 ಮಕ್ಕಳಲ್ಲಿ. ಅಲ್ಲಿ ಖರ್ಚು ಸರ್ಕಾರದ್ದು. ಇಂಗ್ಲೆಂಡಿನಲ್ಲೂ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2022ರಿಂದ ಎಕ್ಸೆಟರ್‌ನ ಲ್ಯಾಬ್‌ನಲ್ಲಿ ಇದನ್ನು ಉಚಿತವಾಗಿ ಮಾಡುತ್ತಿದೆ. ನಾವು ಪೂರ್ತಿ ಕೈಯಿಂದಲೇ ಕಟ್ಟಿದೆವು, ವಿಮೆಯವರು ಒಪ್ಪಲಿಲ್ಲ. ದುಡ್ಡಿಲ್ಲದವರ ಮಗುವಿಗೂ ಇದು ಸಿಗಬೇಕು.

ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ: ರಜೆಯ ದಿನ ವರದಿ ಬಂದರೆ ಯಾರು ಫೋನ್ ಮಾಡುತ್ತಾರೆ, ಉತ್ತರ ಸಿಗದಿದ್ದರೆ ಅದೇ ಡೇಟಾವನ್ನು ಮುಂದೆ ಮತ್ತೆ ನೋಡಿಕೊಡುತ್ತಾರಾ. ನಮ್ಮ ಲ್ಯಾಬ್‌ನವರು ಎರಡನೆಯದಕ್ಕೆ ಒಪ್ಪಿ, ಬರವಣಿಗೆಯಲ್ಲೇ ಕೊಟ್ಟಿದ್ದರು.