ಪುಂಟೋಗೆ ಅಬಾರ್ತ್ ಸ್ಪ್ರಿಂಗ್: 38 ಸಾವಿರ ಕಿ.ಮೀ. ಆದಮೇಲೆ

ಕಾರು ಫಿಯೆಟ್ ಪುಂಟೋ ಇವೊ, 1.3 ಮಲ್ಟಿಜೆಟ್ ಡೀಸೆಲ್, 90 ಎಚ್‌ಪಿ. ಹಾಕಿಸಿದ್ದು ಅಬಾರ್ತ್ ಪುಂಟೋದ (ಇದೇ ಕಾರಿನ ಹೆಚ್ಚು ಶಕ್ತಿಯ, ನೆಲಕ್ಕೆ ಹತ್ತಿರವಿರುವ ರೂಪ) ನಾಲ್ಕು ಸ್ಪ್ರಿಂಗ್, ಜೊತೆಗೆ ನಾಲ್ಕು ಹೊಸ ಶಾಕ್ ಅಬ್ಸಾರ್ಬರ್. ಮೂರು ವರ್ಷದಲ್ಲಿ ಓಡಿದ್ದು 38 ಸಾವಿರ ಕಿ.ಮೀ. ಅದರಲ್ಲಿ ಅರ್ಧ ಬೆಂಗಳೂರಿನೊಳಗೆ, ಉಳಿದರ್ಧ ಹಾಸನ, ಸಕಲೇಶಪುರ, ಮಂಗಳೂರು ದಾರಿಯಲ್ಲಿ. ಅಂಕ ಕೇಳುವವರಿಗೆ: ಘಾಟಿಯಲ್ಲಿ ಹತ್ತಕ್ಕೆ ಒಂಬತ್ತು, ಹಳ್ಳಿ ರಸ್ತೆಯ ಹಂಪಿನ (ಸ್ಪೀಡ್ ಬ್ರೇಕರ್) ಮೇಲೆ ಹತ್ತಕ್ಕೆ ನಾಲ್ಕು. ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟು ಬರೀ ಸ್ಪ್ರಿಂಗ್ ಹಾಕಿಸಿದರೆ ಎರಡೂ ಕಡೆ ಸೊನ್ನೆ.

ಅಬಾರ್ತ್ ಪುಂಟೋ ನಮ್ಮಲ್ಲಿ ಬಿಡುಗಡೆಯಾದದ್ದು 2015ರ ಅಕ್ಟೋಬರ್‌ನಲ್ಲಿ. 1.4 ಟಿ-ಜೆಟ್ ಟರ್ಬೊ ಪೆಟ್ರೋಲ್, 145 ಎಚ್‌ಪಿ. ಸಾದಾ ಪುಂಟೋದ ಹಾಗೆ ಅದೂ ಪುಣೆ ಹತ್ತಿರದ ರಾಂಜಣಗಾಂವ್ ಕಾರ್ಖಾನೆಯಿಂದಲೇ ಬಂತು, ಬಾಡಿ ಎರಡಕ್ಕೂ ಒಂದೇ. ಆದ್ದರಿಂದ ಅದರ ಸ್ಪ್ರಿಂಗ್ ಇವೊದ ಸ್ಪ್ರಿಂಗ್ ಸೀಟಿನಲ್ಲಿ (ಸ್ಪ್ರಿಂಗಿನ ತುದಿ ಕೂರುವ ಬಟ್ಟಲು) ಕೂರಲು ಎಲ್ಲೂ ಕೊರೆಯುವ, ಬೆಸೆಯುವ ಕೆಲಸವಿಲ್ಲ. ಡೀಸೆಲ್ ಇವೊಗೆ ಕಂಪನಿ ಹೇಳಿದ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ) 185 ಮಿ.ಮೀ., ಅಬಾರ್ತ್‌ಗೆ 155. ಈ 155 ಅಬಾರ್ತ್‌ನ 195/55 ಆರ್16 ಟೈರಿನ ಲೆಕ್ಕ ಎಂಬುದನ್ನು ಹಲವರು ಮರೆಯುತ್ತಾರೆ. ಈ ಇವೊದಲ್ಲಿರುವ 195/60 ಆರ್15 ಟೈರಿನ ವ್ಯಾಸ ಅದಕ್ಕಿಂತ ಸುಮಾರು 6 ಮಿ.ಮೀ. ಕಡಿಮೆ, ಅಂದರೆ ಕಾರು ಇನ್ನೂ 3 ಮಿ.ಮೀ. ಕೆಳಗೆ. 152 ಸಿಗುತ್ತದೆ ಎಂದುಕೊಂಡೇ ಕೈಹಾಕಬೇಕು.

ಗ್ಯಾರೇಜಿಗೆ ಹೋಗಿ ಹಳೇ ಸ್ಪ್ರಿಂಗಿನ ಎರಡು ಸುತ್ತು ಕಟ್ ಮಾಡಿಸಿದರೆ ಮುಗಿಯಿತಲ್ಲ ಎನ್ನುವವರು ಇಂದಿಗೂ ಇದ್ದಾರೆ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಮುಂಭಾಗದ ಜೋಡಣೆ) ಪೂರ್ತಿ ಚಾಚಿದಾಗ ಸ್ಪ್ರಿಂಗ್ ಸಡಿಲಾಗಿ ಸೀಟು ಬಿಟ್ಟು ಜಾರುತ್ತದೆ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ದರಂತೂ ಆ ಭಾಗದ ಉಕ್ಕು ಹದ ಕಳೆದುಕೊಂಡಿರುತ್ತದೆ. ಅಬಾರ್ತ್‌ನ ಸ್ಪ್ರಿಂಗ್ ಗಿಡ್ಡ ಮಾತ್ರವಲ್ಲ, ಗಡುಸು ಕೂಡ. ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದು ತಂತಿ 12 ಮಿ.ಮೀ. ಬದಲು 12.5 ಆದರೂ ಗಡಸುತನ ಸುಮಾರು ಶೇ. 18 ಹೆಚ್ಚುತ್ತದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರು ಸೊಂಟಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಶಾಕ್ ಅಬ್ಸಾರ್ಬರ್ ವಿಷಯಕ್ಕೆ ಪಟ್ಟು ಹಿಡಿಯುವುದೂ ಇದೇ ಕಾರಣಕ್ಕೆ. ಸ್ಪ್ರಿಂಗ್ ಶೇ. 20 ಗಡುಸಾದರೆ ಅದರ ಕುಣಿತ ಅಡಗಿಸಲು ಸುಮಾರು ಶೇ. 10 ಹೆಚ್ಚು ಹಿಡಿತ ಬೇಕು. ಹೊಸ ಶಾಕ್ ಅಬ್ಸಾರ್ಬರ್ ಇಷ್ಟನ್ನು ತೂಗಿಸಿಕೊಳ್ಳುತ್ತದೆ. 70 ಸಾವಿರ ಓಡಿ ಎಣ್ಣೆ ಬೆವರುತ್ತಿರುವ ಹಳೆಯದರ ಕೈಲಿ ಆಗದು. ಮೇಲಾಗಿ ಕಾರು ಸುಮಾರು 30 ಮಿ.ಮೀ. ಇಳಿದಿರುವುದರಿಂದ ಬಂಪ್ ಸ್ಟಾಪ್‌ಗೆ (ಚಕ್ರ ತುಂಬಾ ಮೇಲೆದ್ದಾಗ ಏಟು ತಡೆಯುವ ಮೆತ್ತನೆಯ ತುಂಡು) ಇರುವ ದೂರವೂ ಅಷ್ಟೇ ಕಮ್ಮಿ. ಸಣ್ಣ ಗುಂಡಿಗೂ ಧಡ್ ಎಂದು ಬಡಿಯುತ್ತದೆ ಎಂಬ ದೂರಿಗೆ ಎಷ್ಟೋ ಸಲ ಕಾರಣ ಸ್ಪ್ರಿಂಗ್ ಅಲ್ಲ, ಪುಡಿಯಾಗಿ ಉದುರಿದ ಬಂಪ್ ಸ್ಟಾಪ್. ನಾಲ್ಕನ್ನೂ ಹೊಸದು ತರಿಸಿ. ಮುಂದಿನ ಎರಡು ಸ್ಟ್ರಟ್ ಮೌಂಟ್, ಬೇರಿಂಗ್, ಧೂಳಿನ ರಬ್ಬರ್ ಚೀಲ ಕೂಡ ಅದೇ ಪಟ್ಟಿಗೆ ಸೇರಲಿ. ಇವನ್ನು ಆಮೇಲೆ ಬದಲಿಸಬೇಕೆಂದರೆ ಮತ್ತೆ ಇಡೀ ಸ್ಟ್ರಟ್ ಬಿಚ್ಚಬೇಕು, ಕೂಲಿ ಎರಡು ಸಲ.

ಕಾರಿನ ತಯಾರಿಕೆ ನಿಂತಿರುವುದರಿಂದ ಹೊಸ ಸೆಟ್ ಸಿಕ್ಕರೆ ಅದೃಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಇಲ್ಲವಾದರೆ ಅಪಘಾತವಾಗಿ ಬಿಚ್ಚಿದ ಅಬಾರ್ತ್‌ನ ಸೆಟ್ಟೇ ಗತಿ. ಅಂಥದ್ದನ್ನು ಕೊಳ್ಳುವಾಗ ಎಡಬಲ ಜೋಡಿಯನ್ನು ಸಮತಟ್ಟು ನೆಲದ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿ. ಎತ್ತರದಲ್ಲಿ 3–4 ಮಿ.ಮೀ. ವ್ಯತ್ಯಾಸವಿದ್ದರೂ ಬೇಡ. ಕೆಳಗಿನ ಸುತ್ತಿನಲ್ಲಿ ಬಣ್ಣ ಎದ್ದು ತುಕ್ಕು ಗುಳಿ ಮಾಡಿದ್ದರೆ ಮುರಿಯುವುದು ಅಲ್ಲೇ. ಎರಡರ ಬಣ್ಣದ ಗುರುತೂ ಒಂದೇ ಇರಲಿ. 1.2 ಪೆಟ್ರೋಲ್ ಪುಂಟೋದವರಿಗೆ ಒಂದು ಮಾತು: ಆ ಎಂಜಿನ್ ಹಗುರ, ಅದೇ ಸ್ಪ್ರಿಂಗ್ ನಿಮ್ಮ ಕಾರಿನ ಮೂತಿಯನ್ನು ಅಬಾರ್ತ್‌ನಷ್ಟು ಇಳಿಸುವುದಿಲ್ಲ. ಒಂದು ಚಕ್ರದ ಮೇಲೆ 15 ಕಿಲೊ ಕಡಿಮೆ ಎಂದಿಟ್ಟುಕೊಂಡರೆ, ಮಿಲಿಮೀಟರಿಗೆ ಎರಡೂವರೆ ಕಿಲೊ ಹೊರುವ ಸ್ಪ್ರಿಂಗ್ 6 ಮಿ.ಮೀ. ಮೇಲೇ ನಿಲ್ಲುತ್ತದೆ. ಹಿಂಭಾಗ ಮಾತ್ರ ಇಳಿದು ಮೂಗೆತ್ತಿ ನಿಂತಂತೆ ಕಂಡರೆ ಫಿಟ್ಟಿಂಗ್ ತಪ್ಪಾಗಿದೆ ಎಂದು ಮೇಸ್ತ್ರಿಯನ್ನು ಬೈಯಬೇಡಿ.

ಕೆಲಸ ಶುರುವಾಗುವ ಮುನ್ನ ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಮುಂಭಾಗದಲ್ಲಿ ವೈಪರ್ ತೋಳು ಮತ್ತು ಅದರ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಸ್ಟ್ರಟ್‌ನ ತಲೆ ಸಿಗುತ್ತದೆ. ಕೆಳಗೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್‌ನ ಕ್ಲಿಪ್, ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಸರಳನ್ನು ಸ್ಟ್ರಟ್‌ಗೆ ಜೋಡಿಸುವ ಕಡ್ಡಿ), ಕೊನೆಗೆ ನಕಲ್‌ಗೆ (ಚಕ್ರವನ್ನು ಹೊರುವ ಲೋಹದ ಭಾಗ) ಹಿಡಿದ ಎರಡು ಬೋಲ್ಟ್. ಬೋಲ್ಟ್ ಬಿಚ್ಚಿದ ಮೇಲೆ ನಕಲ್ ಹೊರಗೆ ವಾಲಿ ಬ್ರೇಕ್ ಹೋಸ್ ಜಗ್ಗದಂತೆ, ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟ್‌ನಿಂದ ಕಳಚದಂತೆ ತಂತಿಯಲ್ಲಿ ಕಟ್ಟಿಹಾಕಬೇಕು. ಸ್ಟ್ರಟ್ ಹೊರಬಂದ ಮೇಲೆ ಸ್ಪ್ರಿಂಗ್ ಕಂಪ್ರೆಸರ್ ಎರಡೂ ಬದಿಗೆ ಎದುರುಬದುರು ಹಾಕಿ, ಸ್ಪ್ರಿಂಗ್ ಸೀಟಿನಲ್ಲಿ ಸಡಿಲಾಗಿ ತಿರುಗುವಷ್ಟು ಬಿಗಿದ ನಂತರವೇ ಮೇಲಿನ ನಟ್ ಮುಟ್ಟಬೇಕು. ಇದರಲ್ಲಿ ಆತುರಪಟ್ಟರೆ ಕೈ ಹೋಗುತ್ತದೆ, ತಮಾಷೆಯಲ್ಲ.

ಆ ನಟ್ಟಿಗೆ ಏರ್ ಗನ್ ಹಿಡಿಯಲು ಬಿಡಬೇಡಿ. ನಟ್ ಜೊತೆ ರಾಡ್ ಕೂಡ ಗಿರ್ರನೆ ಸುತ್ತಿ ಹೊಸ ಶಾಕ್ ಅಬ್ಸಾರ್ಬರ್‌ನ ಸೀಲ್ ಮೊದಲ ದಿನವೇ ಹಾಳಾಗುತ್ತದೆ. ರಾಡಿನ ತುದಿಯನ್ನು ಅಲೆನ್ ಕೀಯಂಥ ಸಾಧನದಲ್ಲಿ ತಿರುಗದಂತೆ ಹಿಡಿದು ನಟ್ಟನ್ನು ಸ್ಪ್ಯಾನರ್‌ನಲ್ಲಿ ತಿರುಗಿಸುವುದೇ ಕ್ರಮ. ಹೊಸ ಸ್ಪ್ರಿಂಗ್ ಕೂರಿಸುವಾಗ ಅದರ ತುದಿ ಕೆಳಸೀಟಿನ ಮೆಟ್ಟಿಲಿಗೆ ತಾಗಿರಲಿ. ಬೆರಳಗಲ ಅಂತರ ಬಿಟ್ಟರೂ ನಿಂತಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಟಂಗ್ ಎನ್ನುತ್ತದೆ. ಸೆಲ್ಫ್ ಲಾಕ್ ನಟ್‌ಗಳು ಒಂದೇ ಬಳಕೆಯವು, ಹೊಸದೇ ಹಾಕಿ.

ಹಿಂಬದಿ ಸುಲಭ. ಟಾರ್ಷನ್ ಬೀಮ್ (ಎರಡೂ ಹಿಂಚಕ್ರ ಕೂಡಿಸುವ ಅಡ್ಡತೊಲೆ) ಆದ್ದರಿಂದ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬೀಮ್ ಕೆಳಗೆ ಜಾಕ್ ಕೊಟ್ಟು, ಎರಡೂ ಶಾಕ್ ಅಬ್ಸಾರ್ಬರ್‌ನ ಕೆಳಬೋಲ್ಟ್ ಬಿಚ್ಚಿ ಮೆಲ್ಲನೆ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಮೇಲೆ ಕೆಳಗೆ ಎರಡೂ ಕಡೆಯ ರಬ್ಬರ್ ಸೀಟು ಮರೆಯಬಾರದು.

ಈಗ ಎಲ್ಲರೂ ಬಿಡುವ ಹೆಜ್ಜೆ. ಮುಂದಿನ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಷ್ ಬೋಲ್ಟ್‌ಗಳನ್ನು ಸಡಿಲಿಸಿ, ಕಾರು ತನ್ನ ಚಕ್ರದ ಮೇಲೆ ನಿಂತಾಗ ಮತ್ತೆ ಬಿಗಿಯಬೇಕು. ಹಿಂದಿನ ಶಾಕ್ ಅಬ್ಸಾರ್ಬರ್‌ನ ಕೆಳಬೋಲ್ಟಿಗೂ ಇದೇ ಕ್ರಮ. ಇಲ್ಲದಿದ್ದರೆ ರಬ್ಬರ್ ಬುಷ್ ಹಳೇ ಎತ್ತರದಲ್ಲೇ ಕಚ್ಚಿಕೊಂಡು, ಕಾರು ಇಳಿದಷ್ಟೂ ತಿರುಚಿಕೊಂಡೇ ಇರುತ್ತದೆ. ವರ್ಷದೊಳಗೆ ಸೀಳುತ್ತದೆ, ಆಮೇಲೆ ಎಲ್ಲರೂ ದೂರುವುದು ಸ್ಪ್ರಿಂಗನ್ನೇ.

ವೀಲ್ ಅಲೈನ್‌ಮೆಂಟ್ ಅದೇ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ, ಅಂದರೆ ಸುಮಾರು ಸಾವಿರ ಕಿ.ಮೀ.ಗೆ ಇನ್ನೊಮ್ಮೆ. ಕಾರು ಇಳಿದಾಗ ಮುಂದಿನ ಚಕ್ರದ ತಲೆ ತುಸು ಒಳವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ. ಒಳವಾಲಿಕೆಯಿಂದ ಟೈರು ಅಷ್ಟೇನೂ ಸವೆಯದು, ಸವೆಸುವುದು ತಪ್ಪಿದ ಟೋ. ಈ ಕಾರಿನಲ್ಲಿ 38 ಸಾವಿರಕ್ಕೆ ಮುಂದಿನ ಟೈರು ಅಡ್ಡಗಲಕ್ಕೂ ಸಮನಾಗಿ ಸವೆದಿದೆ. ಹೆಡ್‌ಲೈಟಿನ ಬೆಳಕನ್ನೂ ಗೋಡೆಗೆ ಬಿಟ್ಟು ಸರಿಮಾಡಿಸಿ.

ಓಡಿಸುವ ಅನುಭವಕ್ಕೆ ಬಂದರೆ, ಶಿರಾಡಿಯ ತಿರುವುಗಳಲ್ಲಿ ಬಾಡಿ ವಾಲುವುದು ಸ್ಪಷ್ಟವಾಗಿ ಕಡಿಮೆ. ಎಡದಿಂದ ಬಲಕ್ಕೆ ಹೊರಳುವಾಗ ಮೊದಲಿದ್ದ ಅರೆಕ್ಷಣದ ತಡ ಹೋಗಿದೆ. ಬ್ರೇಕ್ ಒತ್ತಿದಾಗ ಮೂತಿ ಮುಗ್ಗರಿಸುವುದಿಲ್ಲ. ಹೆದ್ದಾರಿಯಲ್ಲಿ 90–100ರ ವೇಗದಲ್ಲಿ ಸೇತುವೆಯ ಜಾಯಿಂಟ್ ದಾಟಿದರೆ ಒಂದೇ ಏಟು, ಎರಡನೇ ಕುಣಿತವಿಲ್ಲ. ನಗರದಲ್ಲಿ 30ರ ಒಳಗೆ, ಕಿತ್ತುಹೋದ ಡಾಂಬರಿನ ಮೇಲೆ ಮಾತ್ರ ಒರಟು, ಹಿಂದೆ ಕೂತವರು ಗೊಣಗುವುದು ಖಚಿತ. ಅಚ್ಚರಿಯೆಂದರೆ ನಾಲ್ವರು ಕೂತು ಡಿಕ್ಕಿ ತುಂಬಿದಾಗ ಹಿಂಭಾಗ ಮೊದಲಿನಷ್ಟು ಕುಸಿಯುವುದಿಲ್ಲ, ಗಡುಸು ಸ್ಪ್ರಿಂಗಿನ ಲಾಭ ಅದು.

ಹಂಪುಗಳ ಲೆಕ್ಕ ಬೇರೆಯೇ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪು 10 ಸೆಂ.ಮೀ. ಎತ್ತರ, 3.7 ಮೀ. ಅಗಲ, 17 ಮೀ. ತ್ರಿಜ್ಯದ್ದು. ಪುಂಟೋದ ವೀಲ್‌ಬೇಸ್ 2510 ಮಿ.ಮೀ. ಮುಂದಿನ ಚಕ್ರ ಇಳಿಯುವಾಗ ಹಿಂದಿನದು ಹತ್ತುತ್ತಿರುತ್ತದೆ, ಹಾಗಾಗಿ ಹಂಪಿನ ನೆತ್ತಿ ಕಾರಿನ ಹೊಟ್ಟೆಯ ಕಡೆಗೆ ಏರುವುದು 46 ಮಿ.ಮೀ. ಮಾತ್ರ. ಅಂದರೆ ನಿಯಮದ ಹಂಪು 152ಕ್ಕೆ ಏನೂ ಅಲ್ಲ. ತೊಂದರೆ ಇರುವುದು ಊರವರು ರಾತ್ರೋರಾತ್ರಿ ಹಾಕಿದ ಮೊಳದಗಲದ ಕಾಂಕ್ರೀಟ್ ದಿಬ್ಬದಲ್ಲಿ. ಅದು ಎರಡು ಚಕ್ರಗಳ ನಡುವೆ ಪೂರ್ತಿ ಎತ್ತರದಲ್ಲೇ ನಿಲ್ಲುತ್ತದೆ. ಐದು ಜನ ಕೂತಿದ್ದರೆ ಓರೆಯಾಗಿ ದಾಟಿಸಿದರೂ ಎಂಜಿನ್ ಗಾರ್ಡ್ ಕೆರೆಯುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಅಂಥದ್ದು ಮೂರು ಇದ್ದರೆ ಈ ಸ್ಪ್ರಿಂಗ್ ನಿಮಗಲ್ಲ. ಬೇಸ್‌ಮೆಂಟ್ ಇಳಿಜಾರು, ಪಾರ್ಕಿಂಗ್‌ನ ಸಿಮೆಂಟ್ ತಡೆ ಎರಡನ್ನೂ ಹಾಕಿಸುವ ಮೊದಲೇ ಅಳೆದು ನೋಡಿ.

ಇಷ್ಟು ಓಡಿದ ಮೇಲೆ ಬದಲಿಸಬೇಕಾಗಿ ಬಂದದ್ದು ಎರಡು ಲಿಂಕ್ ರಾಡ್ ಮಾತ್ರ, ಅವು ನಮ್ಮ ರಸ್ತೆಯಲ್ಲಿ ಹೇಗೂ ಹೋಗುವವೇ. ಸ್ಪ್ರಿಂಗ್ ಮೊದಲ ತಿಂಗಳು 4 ಮಿ.ಮೀ. ಕೂತಿತು, ನಂತರ ಎತ್ತರ ಕದಲಿಲ್ಲ. ಶಾಕ್ ಅಬ್ಸಾರ್ಬರ್ ಒಣಗಿವೆ, ಎಣ್ಣೆಯ ಸುಳಿವಿಲ್ಲ.

ಕಾನೂನಿನ ಮಾತು ಮುಚ್ಚಿಡುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಸ್ಪ್ರಿಂಗ್ ಅದೇ ಕಂಪನಿಯದ್ದಾದರೂ ನಿಮ್ಮ ಮಾಡೆಲ್ಲಿನದಲ್ಲ, ಇನ್ಶೂರೆನ್ಸ್‌ನವರು ಪ್ರಶ್ನಿಸಿದರೆ ಆ ವಾದ ನಿಲ್ಲುವುದು ಕಷ್ಟ. ಬಿಚ್ಚಿದ ಹಳೇ ಸ್ಪ್ರಿಂಗನ್ನು ಗುಜರಿಗೆ ಹಾಕಬೇಡಿ. ಮುಂದೆ, ಹಿಂದೆ, ಎಡ, ಬಲ ಎಂದು ಚೀಟಿ ಕಟ್ಟಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿಡಿ. 15 ವರ್ಷಕ್ಕೆ ಆರ್‌ಸಿ ನವೀಕರಣಕ್ಕೆಂದು ಗಾಡಿ ತೋರಿಸುವಾಗ ಬೇಕಾಗುವುದು ಅವೇ.