ಯುಪಿಐ ಸೌಂಡ್‌ಬಾಕ್ಸ್: ಜೀನಸಿನಂಗಡಿಯಲ್ಲಿ ಮಳೆಗಾಲ ಕಳೆದ ಮೇಲೆ

ಯುಪಿಐಯಲ್ಲಿ ಹಣ ಬಂದದ್ದನ್ನು ಅಂಗಡಿಯವರಿಗೆ ಕೂಗಿ ಹೇಳುವ ಈ ಪೆಟ್ಟಿಗೆಯ ಅಳತೆ, ಬಣ್ಣ, ಸ್ಪೀಕರಿನ ವಾಟ್ ಎಲ್ಲ ಕಂಪೆನಿಯವರ ಕಾಗದದಲ್ಲೇ ಉಂಟು, ಇಲ್ಲಿ ಬರೆಯುವುದಿಲ್ಲ. ಕಂಪೆನಿಯ ಹೆಸರೂ ಬೇಡ. ತಲಪಾಡಿಯಿಂದ ಕಾಸರಗೋಡಿನವರೆಗೆ ಅಂಗಡಿಗಳಲ್ಲಿ ಕೂತಿರುವ ಸೌಂಡ್‌ಬಾಕ್ಸ್‌ಗಳ ಹೊರಗಿನ ಪ್ಲಾಸ್ಟಿಕ್ ಬೇರೆ ಬೇರೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಜೀನಸಿನಂಗಡಿಗೆ ಇದು ಬೇಕಾ ಎಂದು ಕೇಳಿದರೆ ಬೇಕು ಎಂದೇ ಹೇಳುವುದು. ಆದರೆ ಜೂನ್ ತಿಂಗಳಿಂದ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲಿನವರೆಗೆ ಇದು ಮಾಡುವ ಒಂದು ಕಿತಾಪತಿಯನ್ನು ಹೇಳದೆ ಸ್ಟಾರ್ ಕೊಡಲು ಮನಸ್ಸಿಲ್ಲ.

ಮೊದಲು ಒಳ್ಳೆಯದನ್ನು ಹೇಳಿ ಮುಗಿಸೋಣ. ಬೆಳಗ್ಗೆ ಶಟರ್ ಎತ್ತಿ, ಹಾಲಿನ ಕ್ರೇಟ್ ಒಳಗೆಳೆದು, ಪೆಟ್ಟಿಗೆಯ ಪವರ್ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಮಿನುಗುವ ದೀಪ ಹಸಿರಾಗಿ ನಿಂತ ಮೇಲೆ ಮನೆಯವರ ಫೋನಿನಿಂದ ನಮ್ಮದೇ ಕ್ಯೂಆರ್ ಸ್ಕ್ಯಾನ್ ಮಾಡಿ 1 ರೂಪಾಯಿ ಹಾಕುವುದು. "ಒಂದು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೇಳಿದರೆ ವ್ಯಾಪಾರ ಶುರು. ಆ ಒಂದು ರೂಪಾಯಿಯಲ್ಲಿ ಬೇಕಾದ ಪರೀಕ್ಷೆಯೆಲ್ಲ ಮುಗಿಯುತ್ತದೆ: ರಾತ್ರಿ ಯಾರೂ ನಮ್ಮ ಸ್ಟಿಕ್ಕರಿನ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿಲ್ಲ, ಬ್ಯಾಂಕಿನ ಸರ್ವರ್ ಎದ್ದಿದೆ, ಪೆಟ್ಟಿಗೆಯ ಸಿಮ್‌ಗೆ ರೇಂಜ್ ಉಂಟು, ಸ್ಪೀಕರ್ ಸರಿ ಉಂಟು. ಪಿನ್ ಒತ್ತುವ ಮೊದಲು ಪರದೆಯಲ್ಲಿ ಬರುವ ಹೆಸರನ್ನು ಓದಬೇಕು. ಓದದಿದ್ದರೆ, ಪೆಟ್ಟಿಗೆ ಸುಮ್ಮನಾದಾಗ ದೋಷ ರೇಂಜಿನದೋ ಸ್ಟಿಕ್ಕರಿನದೋ ಎಂದು ಗೊತ್ತಾಗುವುದಿಲ್ಲ.

ಸಂಜೆ ಆರರ ಗಡಿಬಿಡಿಯಲ್ಲಿ ಇದರ ಬೆಲೆ ತಿಳಿಯುತ್ತದೆ. ಒಂದು ಕೈ ತಕ್ಕಡಿಯಲ್ಲಿ, ಇನ್ನೊಂದು ಕೈ ತೆಂಗಿನೆಣ್ಣೆಯ ಡಬ್ಬದಲ್ಲಿ ಇರುವಾಗ ಪ್ರತಿಯೊಬ್ಬರ ಫೋನ್ ಇಣುಕಿ ನೋಡಲು ಆಗುವುದಿಲ್ಲ. ಹಣ ಹೋದಂತೆ ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳು ಎಷ್ಟೋ ಬಂದಿವೆ, ಪೆಟ್ಟಿಗೆಯ ಮುಂದೆ ಅವುಗಳ ಆಟ ನಡೆಯುವುದಿಲ್ಲ. ಚಿಲ್ಲರೆಯ ತಕರಾರೂ ಹೋಯಿತು; 37 ರೂಪಾಯಿ ಸಾಮಾನಿಗೆ 37 ರೂಪಾಯಿಯೇ ಬರುತ್ತದೆ, ಮೂರು ರೂಪಾಯಿಗೆ ಮಿಠಾಯಿ ಕೊಟ್ಟು ಮುಖ ನೋಡುವ ಕೆಲಸ ಇಲ್ಲ.

ಭಾಷೆಯ ವಿಷಯ. ಕಾಸರಗೋಡಿನಲ್ಲಿ ಪೆಟ್ಟಿಗೆ ಹೆಚ್ಚಾಗಿ ಮಲಯಾಳದಲ್ಲೇ ಮಾತಾಡುತ್ತಾ ಬರುತ್ತದೆ, ಕೂರಿಸಲು ಬಂದ ಹುಡುಗ ಹಾಗೆ ಒತ್ತಿ ಹೋಗಿರುತ್ತಾನೆ. ಬದಲಿಸಲು ಕಂಪೆನಿಯ ಆ್ಯಪ್‌ನಲ್ಲಿ ಸೌಂಡ್‌ಬಾಕ್ಸ್ ಪುಟಕ್ಕೆ ಹೋಗಿ ಭಾಷೆ ಆರಿಸಬೇಕು. ಆಗ ಪೆಟ್ಟಿಗೆ ಆನ್ ಇರಬೇಕು, ರೇಂಜ್ ಚೆನ್ನಾಗಿರಬೇಕು, ಯಾಕೆಂದರೆ ಹೊಸ ಧ್ವನಿ ಅದರ ಸಿಮ್ ಮೂಲಕವೇ ಇಳಿಯುವುದು. ಅರ್ಧದಲ್ಲಿ ಆಫ್ ಮಾಡಿದರೆ ಹಳೆಯ ಭಾಷೆಗೇ ಮರಳುತ್ತದೆ. ಒಂದು ಸಲಕ್ಕೆ ಒಂದೇ ಭಾಷೆ. ತುಳು ಪಟ್ಟಿಯಲ್ಲೇ ಇಲ್ಲ. ಸರಕಾರಿ ಕಾಗದ ಕನ್ನಡದಲ್ಲಿ ಕೊಡಿ ಎಂದು ಮನವಿಯ ಮೇಲೆ ಮನವಿ ಕೊಡುವ ಊರಿನಲ್ಲಿ, ನಾಲ್ಕು ಗುಂಡಿ ಒತ್ತಿದ್ದಕ್ಕೆ ಕನ್ನಡ ಬಂದದ್ದು ಸಣ್ಣ ಖುಷಿಯಲ್ಲ.

ಇನ್ನು ಕಿತಾಪತಿ.

ಹಣ ಬರುವ ದಾರಿ ಬೇರೆ, ಪೆಟ್ಟಿಗೆಗೆ ಸುದ್ದಿ ಬರುವ ದಾರಿ ಬೇರೆ. ಗಿರಾಕಿಯ ಬ್ಯಾಂಕಿನಿಂದ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಮೂಲಕ ನಮ್ಮ ಖಾತೆಗೆ ಹಣ ಬಿದ್ದಾಯಿತು ಎಂದಿಟ್ಟುಕೊಳ್ಳಿ. ಆಮೇಲೆ ಕಂಪೆನಿಯ ಸರ್ವರ್ ಪೆಟ್ಟಿಗೆಯೊಳಗಿನ ಸಿಮ್‌ಗೆ ಇನ್ನೊಂದು ಸಂದೇಶ ಕಳಿಸಬೇಕು. ಆ ಸಂದೇಶ ತಲುಪಿದರೆ ಮಾತ್ರ ಮಾತು. ಹಾಗಾಗಿ ಪೆಟ್ಟಿಗೆ ಮಾತಾಡಿದರೆ ಹಣ ಬಂದದ್ದು ಖಂಡಿತ, ಮಾತಾಡದಿದ್ದರೆ ಹಣ ಬಂದಿಲ್ಲ ಎಂದು ಅರ್ಥವಲ್ಲ. ಕಂಪೆನಿಯವರು ಇದನ್ನು ದೊಡ್ಡ ಅಕ್ಷರದಲ್ಲಿ ಪೆಟ್ಟಿಗೆಯ ಮೇಲೇ ಅಚ್ಚು ಹಾಕಬೇಕಿತ್ತು, ಹಾಕುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋದರೆ ಪೆಟ್ಟಿಗೆಗೆ ತೊಂದರೆ ಇಲ್ಲ, ಅದಕ್ಕೆ ಬ್ಯಾಟರಿ ಉಂಟು. ತೊಂದರೆ ಟವರಿಗೆ. ಮರ ಬಿದ್ದು ಲೈನು ದಿನವಿಡೀ ಸತ್ತರೆ ಟವರಿನ ಬ್ಯಾಟರಿಯೂ ಕೆಲವು ಗಂಟೆಯಲ್ಲಿ ಮುಗಿಯುತ್ತದೆ. ಗಿರಾಕಿಯ ಫೋನ್ ಬೇರೆ ಕಂಪೆನಿಯ ಟವರಿನಲ್ಲಿ ಇರುವುದರಿಂದ ಅವನ ಹಣ ಹೋಗುತ್ತದೆ, ಪೆಟ್ಟಿಗೆ ಕಲ್ಲಿನ ಹಾಗೆ ಕೂತಿರುತ್ತದೆ. ಹಳೆಯ 2ಜಿ ಮಾದರಿಯಾದರೆ ಜಿಯೋ ಟವರ್ ಅಂಗಡಿಯ ಹಿಂದೆಯೇ ಇದ್ದರೂ ಪ್ರಯೋಜನವಿಲ್ಲ, ಜಿಯೋದಲ್ಲಿ 2ಜಿ ಇಲ್ಲ. ಒಳಗಿನ ಸಿಮ್ ನಾವು ಬದಲಿಸುವಂತೆಯೂ ಇಲ್ಲ. ಪೆರ್ಲ, ಅಡ್ಯನಡ್ಕದಂಥ ಗಡಿಯ ಮೂಲೆಗಳಲ್ಲಿ ರೇಂಜ್ ಮೊದಲೇ ಒಂದು ಕಡ್ಡಿ. ಗಾಳಿಮಳೆಗೆ ಶಟರ್ ಅರ್ಧ ಇಳಿಸಿದರೆ ಅದೂ ಹೋಗುತ್ತದೆ.

ಇದಕ್ಕಿಂತ ಅಪಾಯ ರೇಂಜ್ ಮರಳಿ ಬಂದಾಗ. ತಡೆದು ನಿಂತಿದ್ದ ಸಂದೇಶಗಳೆಲ್ಲ ಸಾಲಾಗಿ ಹೊರಗೆ ಬರುತ್ತವೆ: "ಅರವತ್ತು ರೂಪಾಯಿ... ಇನ್ನೂರ ಹತ್ತು ರೂಪಾಯಿ... ಅರವತ್ತು ರೂಪಾಯಿ..." ಎದುರಿಗೆ ಈಗ ನಿಂತವನದ್ದೂ ಅರವತ್ತೇ ಆಗಿದ್ದರೆ, ಯಾವ ಅರವತ್ತು ಯಾರದ್ದು? ಪೆಟ್ಟಿಗೆ ಮೊತ್ತ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಆ ಹೊತ್ತಿನಲ್ಲಿ ಅದರ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಅದು ಹೇಳಿ ಮುಗಿಸುವವರೆಗೆ ಆ್ಯಪ್‌ನ ಪಟ್ಟಿ ನೋಡಿಯೇ ಸಾಮಾನು ಕೊಡಬೇಕು. ಮರುಪ್ರಸಾರದ ಗುಂಡಿ ಒತ್ತಿದರೂ ಕೊನೆಯದ್ದನ್ನು ಮಾತ್ರ ಇನ್ನೊಮ್ಮೆ ಹೇಳುತ್ತದೆ.

"ಹೋಗಿದೆ ಅಣ್ಣ, ನೋಡಿ."

"ಪೆಟ್ಟಿಗೆ ಹೇಳ್ಲಿಲ್ಲ ಮಾರಾಯ, ಸ್ವಲ್ಪ ನಿಲ್ಲು."

ಈ "ಸ್ವಲ್ಪ ನಿಲ್ಲು" ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಪೆಟ್ಟಿಗೆ ಸುಮ್ಮನಾದಾಗ ಮಾಸ್ಟ್ರು ಹೋಗಬಹುದು, ಪಕ್ಕದ ಮನೆಯ ಅಕ್ಕ ಹೋಗಬಹುದು. ಹೆದ್ದಾರಿ 66ರ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಇರುವ ಬಂಗಾಳದ ಹುಡುಗ, ಅಕ್ಕಿ ಬಟಾಟೆ ಚೀಲ ಹಿಡಿದು ಮಳೆಯಲ್ಲಿ ನಿಲ್ಲಬೇಕು. ಹಣ ಕೊಟ್ಟೂ ಕಳ್ಳನ ಹಾಗೆ. ಅಂಗಡಿಯವರ ಸುರಕ್ಷತೆಗೆ ಎಂದು ಬಂದ ಯಂತ್ರ, ತನ್ನ ರೇಂಜಿನ ದೋಷವನ್ನು ಗುರುತಿಲ್ಲದ ಗಿರಾಕಿಯ ತಲೆಗೆ ಕಟ್ಟುತ್ತದೆ. 2025ರ ಏಪ್ರಿಲ್ 12ರಂದು ದೇಶದಲ್ಲೆಲ್ಲ ಯುಪಿಐ ಗಂಟೆಗಟ್ಟಲೆ ತಡವರಿಸಿದಾಗ ಅದು ಸುದ್ದಿಯಾಯಿತು. ಒಂದು ಊರಿನ ಒಂದು ಟವರ್ ಮಲಗಿದರೆ ಯಾರಿಗೂ ಸುದ್ದಿಯಲ್ಲ.

ಮಾಡಬಹುದಾದದ್ದು ಇಷ್ಟು. ಪೆಟ್ಟಿಗೆಯನ್ನು ಒಳಗಿನ ಕೆಂಪುಕಲ್ಲಿನ ಗೋಡೆಗೆ ಒರಗಿಸದೆ ಮುಂದಿನ ಕಂಬದ ಹತ್ತಿರ, ನೀರು ಸಿಡಿಯದ ಎತ್ತರಕ್ಕೆ ಇಡಿ. ಫ್ರಿಜ್ಜು, ಕಬ್ಬಿಣದ ರ‍್ಯಾಕ್, ಶಟರ್ ಮೂರರಿಂದಲೂ ದೂರ. ಆ್ಯಪ್ ಇರುವ ಫೋನಿಗೆ ಪೆಟ್ಟಿಗೆಯ ಸಿಮ್‌ಗಿಂತ ಬೇರೆ ಕಂಪೆನಿಯ ಸಿಮ್ ಹಾಕಿ, ಆ್ಯಪ್‌ನಲ್ಲಿಯೂ ಧ್ವನಿ ಸೂಚನೆ ಆನ್ ಮಾಡಿ. ವೈಫೈ ಹಿಡಿಯುವ ಮಾದರಿ ಸಿಕ್ಕಿದರೆ ಅದನ್ನೇ ಕೇಳಿ. ಮೋಡೆಮಿಗೆ ಇನ್ವರ್ಟರ್ ಇದ್ದರೆ ಟವರಿನ ಹಂಗಿಲ್ಲ. ಪೆಟ್ಟಿಗೆ ಸುಮ್ಮನಿದ್ದಾಗ ಗಿರಾಕಿಯ ಫೋನಿನ ಹಸಿರು ಟಿಕ್ ನೋಡಬೇಡಿ, ಪ್ರತಿ ಪಾವತಿಗೂ ಬೇರೆ ಬೇರೆ ಬರುವ 12 ಅಂಕೆಯ ಯುಟಿಆರ್ ಸಂಖ್ಯೆ ಕೇಳಿ. ಅದರ ಕೊನೆಯ ನಾಲ್ಕು ಅಂಕೆ ನಮ್ಮ ಆ್ಯಪ್‌ನ ಪಟ್ಟಿಗೆ ತಾಳೆಯಾದರೆ ಅವನನ್ನು ಕಳಿಸಬಹುದು. ಆ್ಯಪ್ಪೂ ತೆರೆಯದಿದ್ದರೆ ಲೆಕ್ಕದ ಪುಸ್ತಕದಲ್ಲಿ ಆ ನಾಲ್ಕು ಅಂಕೆ, ಮೊತ್ತ, ಹೊತ್ತು ಬರೆದಿಟ್ಟುಕೊಳ್ಳಿ. ಗಿರಾಕಿ ಸ್ಕ್ಯಾನ್ ಮಾಡದೆ ನಮ್ಮ ಸ್ವಂತ ಫೋನ್ ನಂಬರಿಗೆ ಹಾಕಿದ್ದರೆ ಪೆಟ್ಟಿಗೆ ಯಾವತ್ತೂ ಹೇಳುವುದಿಲ್ಲ, ಅದನ್ನೂ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಕೆಲವೊಮ್ಮೆ ಅವನ ಖಾತೆಯಿಂದ ಹಣ ಕಡಿತವಾಗಿ ನಮಗೆ ಬಂದೇ ಇರುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಅಂಗಡಿಗೆ ಮಾಡಿದ ಅಂಥ ಪಾವತಿ, ಆ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು. ಆದರೆ ದಿನಗೂಲಿಯವನಿಗೆ ಐದು ದಿನ ಎಂದರೆ ಒಂದು ವಾರದ ಅಕ್ಕಿ.

ನಿತ್ಯದ ಆರೈಕೆ ದೊಡ್ಡದೇನಲ್ಲ. ಬೆಲ್ಲದ ಡಬ್ಬದ ಹತ್ತಿರ ಇಟ್ಟರೆ ಸ್ಪೀಕರಿನ ತೂತಿನಲ್ಲಿ ಇರುವೆ ಸೇರುತ್ತದೆ, ದನಿ ಗೊರಗೊರ ಆಗುತ್ತದೆ. ಬ್ರಷ್‌ನಿಂದ ಒರೆಸಿ, ಒದ್ದೆ ಬಟ್ಟೆ ಬೇಡ. ಚಾರ್ಜಿಂಗ್ ತೂತಿಗೆ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ದಿನವಿಡೀ ವಯರು ಚುಚ್ಚಿಡುವ ಬದಲು ರಾತ್ರಿ ಚಾರ್ಜ್ ಮಾಡಿ ತೆಗೆಯುವುದು ಲೇಸು. ಸಿಡಿಲು ಶುರುವಾದರೆ ವಯರು ತೆಗೆಯಲೇಬೇಕು. ದೊಡ್ಡ ಮೊತ್ತ ಬರುವುದಿದ್ದರೆ ದನಿ ಇಳಿಸಿ. ಅಡಿಕೆ ಮಾರಿದವರು ಬಂದು ಆರು ತಿಂಗಳ ಬಾಕಿ ತೀರಿಸುವಾಗ ಆ ಅಂಕಿ ಬಸ್‌ಸ್ಟ್ಯಾಂಡಿನವರೆಗೆ ಕೇಳಬೇಕಾಗಿಲ್ಲ.

ನಮ್ಮ ಪೆಟ್ಟಿಗೆಯ ಬಾಡಿಗೆ ತಿಂಗಳಿಗೆ 100, ಮೇಲೆ ಶೇ. 18 ಜಿಎಸ್‌ಟಿ ಸೇರಿ 118. ವರ್ಷಕ್ಕೆ 1,416 ರೂಪಾಯಿ. ಹಾಲು, ಬೀಡಿ, ಅಕ್ಕಿಯ ಲಾಭದಲ್ಲಿ ಇದು ಕಣ್ಣಿಗೆ ಬೀಳುವ ಮೊತ್ತ. 2020ರ ಜನವರಿಯಿಂದ ಬ್ಯಾಂಕ್ ಖಾತೆಯ ಯುಪಿಐ ಪಾವತಿಗೆ ಅಂಗಡಿಯವರಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಕಂಪೆನಿಗಳ ಗಳಿಕೆ ಈ ಬಾಡಿಗೆಯಿಂದ, ಮತ್ತೆ ಸಾಲದಿಂದ. ದಿನಕ್ಕೆ ಎಷ್ಟು ಬರುತ್ತದೆ ಎಂದು ಅವರಿಗೆ ಗೊತ್ತು, ವ್ಯಾಪಾರ ಸ್ವಲ್ಪ ಏರಿದ ಕೂಡಲೇ ಸಾಲ ಬೇಕಾ ಎಂದು ಫೋನ್. ಕಂತು ದಿನದಿನದ ವಸೂಲಿಯಲ್ಲೇ ಕಡಿತವಾಗುವ ಸಾಲ ಅದು. ಮಳೆಗೆ ವ್ಯಾಪಾರ ಬಿದ್ದ ದಿನವೂ ಕಂತು ಕಂತೇ. ಪೆಟ್ಟಿಗೆ ಯಾಕೆ ಸುಮ್ಮನಾಯಿತು ಎಂದು ನಾವು ಕರೆ ಮಾಡಿದರೆ ಮಾತ್ರ ಆ ಕಡೆ ಸಂಗೀತ.

ಪೆಟ್ಟಿಗೆ ಕೂಗಿದ್ದೆಲ್ಲ ದಾಖಲೆ ಎಂಬುದನ್ನೂ ಮರೆಯಬಾರದು. 2025ರ ಜುಲೈಯಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಯ ಲೆಕ್ಕದ ಮೇಲೆ ಜಿಎಸ್‌ಟಿ ನೋಟೀಸು ಬಂತು, ಬೆಂಗಳೂರಿನಲ್ಲಿ ಕೆಲವರು ಕ್ಯೂಆರ್ ಕಿತ್ತು "ನಗದು ಮಾತ್ರ" ಎಂದು ಬರೆದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಸರಕಾರ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಅಲ್ಲಿ ನೋಟೀಸಿನ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. 40 ಲಕ್ಷ ಎಂದರೆ ದಿನಕ್ಕೆ 11,000ಕ್ಕೆ ತುಸು ಕಡಿಮೆ; ಚೆನ್ನಾಗಿ ನಡೆಯುವ ಜೀನಸಿನಂಗಡಿಗೆ ದೂರದ ಮಾತಲ್ಲ. ಕ್ಯೂಆರ್ ಕಿತ್ತರೆ ಉಪಯೋಗವೂ ಇಲ್ಲ, ನಗದು ವ್ಯಾಪಾರವೂ ಆ ಲೆಕ್ಕಕ್ಕೆ ಸೇರುತ್ತದೆ. ಭಾವ ಕೊಟ್ಟ ಕೈಸಾಲ, ಮದುವೆಯ ಉಡುಗೊರೆ ಅಂಗಡಿಯ ಕ್ಯೂಆರ್‌ಗೆ ಬಾರದಂತೆ ನೋಡಿಕೊಳ್ಳುವುದು ಬುದ್ಧಿವಂತಿಕೆ.

ಕೇರಳದಲ್ಲಿ 2023ರಲ್ಲಿ ಬಂದ ಕಷ್ಟ ಬೇರೆಯೇ. ಯಾರೋ ವಂಚಕನ ಹಣ ಕೈದಾಟಿ, ಚಹಾ ಊಟದ ಬಿಲ್ಲಾಗಿ ಬಂದ ಕಾರಣಕ್ಕೆ ಹೊರರಾಜ್ಯದ ಪೊಲೀಸರ ಸೂಚನೆಯಂತೆ ಅಂಗಡಿಯವರ ಇಡೀ ಖಾತೆ ಸ್ತಂಭನವಾಯಿತು. ತಡೆ ಹಿಡಿಯುವುದಾದರೆ ಪೊಲೀಸರು ಹೇಳಿದ ಮೊತ್ತವನ್ನಷ್ಟೇ ಹಿಡಿಯಿರಿ ಎಂದು ಅದೇ ವರ್ಷ ಕೇರಳ ಹೈಕೋರ್ಟು ಬ್ಯಾಂಕುಗಳಿಗೆ ಹೇಳಿತು. ಆದ್ದರಿಂದ ಕ್ಯೂಆರ್‌ಗೆ ಬೇರೆಯೇ ಒಂದು ಖಾತೆ ಇಡಿ. ಸಂಜೆ ಲೆಕ್ಕ ಮುಗಿದ ಮೇಲೆ ಸಾಮಾನು ತರುವ ದುಡ್ಡನ್ನು ಇನ್ನೊಂದಕ್ಕೆ ದಾಟಿಸಿ.

ನನ್ನ ತೀರ್ಪು: ಬೇಸಗೆಗೆ ನಾಲ್ಕೂವರೆ, ಮಳೆಗಾಲಕ್ಕೆ ಎರಡು. ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಸ್ಕ್ಯಾನ್ ಆಗುವ, ಒಬ್ಬರೇ ನಿಂತು ನಡೆಸುವ ಅಂಗಡಿಗೆ 118 ರೂಪಾಯಿ ವಸೂಲು. ಹತ್ತು ಹದಿನೈದು ಸ್ಕ್ಯಾನ್ ಆಗುವ ಗೂಡಂಗಡಿಗೆ ಬೇಡ, ಫೋನಿನ ಆ್ಯಪ್ ಹೇಳುವ ಧ್ವನಿಯೇ ಸಾಕು.

ಮರಳಿಸುವವರಿಗೆ ಒಂದು ಮಾತು: ಪೆಟ್ಟಿಗೆ ಕೊಟ್ಟರೆ ಬಾಡಿಗೆ ನಿಲ್ಲುವುದಿಲ್ಲ. ಕೂರಿಸುವಾಗ ನಮ್ಮಿಂದ ಪಿನ್ ಒತ್ತಿಸಿ ಆಟೋಪೇ, ಅಂದರೆ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಪಡೆದಿರುತ್ತಾರೆ. ಯುಪಿಐ ಆ್ಯಪ್‌ನ ಪ್ರೊಫೈಲಿನಲ್ಲಿ ಆಟೋಪೇ ಎಂಬಲ್ಲಿಗೆ ಹೋಗಿ, ಆ ಒಪ್ಪಿಗೆಯನ್ನು ಹುಡುಕಿ, ತಾತ್ಕಾಲಿಕ ತಡೆ ಅಲ್ಲ, ರದ್ದು ಎಂಬುದನ್ನೇ ಒತ್ತಿ ಪಿನ್ ಹಾಕಬೇಕು. ಬಾಡಿಗೆ ವಸೂಲಿಯಿಂದಲೇ ಕಡಿತವಾಗುವ ಯೋಜನೆಯಾದರೆ ಆ್ಯಪ್‌ನಲ್ಲಿ ಮರಳಿಸುವ ಕೋರಿಕೆ ಹಾಕಿ, ಒಯ್ಯಲು ಬಂದವರ ಎದುರೇ ಪೆಟ್ಟಿಗೆಯ ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದು, ರಸೀದಿ ಬಂದ ಮೇಲೆಯೇ ಕೈಬಿಡಿ.