ಸ್ಕ್ಯಾನರ್ ಕೋಡ್ ಒಂದನ್ನೇ ನಂಬಿ ಡೀಸೆಲ್ ಪಂಪ್ ಬಿಚ್ಚಿಸಬೇಡಿ

ಹಳೇ ಡೀಸೆಲ್ ಗಾಡಿ ಇಟ್ಟುಕೊಂಡಿರುವವರು ಮುಂದಿನ ಸಲ ಎಂಜಿನ್ ಲೈಟ್ ಹತ್ತಿದಾಗ, ಗ್ಯಾರೇಜಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ. ಸ್ಕ್ಯಾನರ್‌ನಲ್ಲಿ ಬಂದ ಒಂದೇ ಒಂದು ಕೋಡ್ ಹಿಡಿದುಕೊಂಡು ನನ್ನ ಗಾಡಿಯ ಪಂಪ್, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎರಡನ್ನೂ ಬಿಚ್ಚಿದರು. ಕೆಟ್ಟಿದ್ದು ಎರಡೂ ಅಲ್ಲ.

ಗಾಡಿ 2009ರ ಮಾಡೆಲ್. ಏಳು ಸೀಟಿನದು, ಕಾಮನ್ ರೈಲ್ ಡೀಸೆಲ್. ಅಂದರೆ ಪಂಪ್ ಡೀಸೆಲನ್ನು ಭಾರೀ ಒತ್ತಡದಲ್ಲಿ ರೈಲ್ ಅನ್ನುವ ಒಂದೇ ಕೊಳವೆಗೆ ತುಂಬುತ್ತದೆ, ಅಲ್ಲಿಂದ ಎಲ್ಲಾ ಇಂಜೆಕ್ಟರಿಗೂ ಹೋಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಇದ್ದಕ್ಕಿದ್ದಂತೆ ಪಿಕಪ್ ಹೋಯಿತು, ಎಂಜಿನ್ ಲೈಟ್ ಹತ್ತಿತು. ಪಕ್ಕಕ್ಕೆ ಹಾಕಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು. ಮುಂದಿನ ಏರಿನಲ್ಲಿ ಮತ್ತೆ ಅದೇ ಕತೆ. ಸಮತಟ್ಟು ರಸ್ತೆಯಲ್ಲಿ ತೊಂದರೆ ಇಲ್ಲ, ಲೋಡ್ ಬಿದ್ದಾಗ ಮಾತ್ರ. ಇದನ್ನು ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿದರು. ಬಂದಿದ್ದು ಪಿ0087. "ಹೈ ಪ್ರೆಶರ್ ಪಂಪ್ ಹೋಗಿದೆ ಸಾರ್. ಹೇಗಿದ್ರೂ ಬಿಚ್ತೀವಿ, ಇಂಜೆಕ್ಟರೂ ಒಟ್ಟಿಗೆ ಮಾಡಿಸಿಬಿಡಿ" ಅಂದರು. ಹೇಳುತ್ತಲೇ ಕೋಡ್ ಅಳಿಸಿಯೂ ಬಿಟ್ಟರು. ಎಲ್ಲಾ ಸೇರಿ 70,000 ರೂಪಾಯಿ ಹತ್ತಿರ ಆಯಿತು. ಗಾಡಿ ತಂದ ವಾರದೊಳಗೆ, ಮತ್ತೆ ಏರಿನಲ್ಲಿ, ಅದೇ ಲೈಟ್, ಅದೇ ಪಿ0087.

ಈ ಕೋಡ್ ಪಂಪ್ ಹೋಗಿದೆ ಅಂತ ಹೇಳುವುದೇ ಇಲ್ಲ. ರೈಲ್‌ನಲ್ಲಿ ಇರಬೇಕಾದಷ್ಟು ಡೀಸೆಲ್ ಒತ್ತಡ ಇಲ್ಲ ಅನ್ನುವುದಷ್ಟೇ ಅದರ ಅರ್ಥ. ಮನೆಯಲ್ಲಿ ಟ್ಯಾಂಕಿಗೆ ನೀರು ಸಣ್ಣಗೆ ಏರಿದರೆ ನಾವು ಮೊದಲು ಸಂಪಿನಲ್ಲಿ ನೀರಿದೆಯಾ ನೋಡುತ್ತೇವೆ, ಮೋಟಾರ್ ಬಿಚ್ಚಲು ಹೋಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಟ್ಯಾಂಕಿನಿಂದ ಬರುವ ಹೋಸ್ ಎಲ್ಲೋ ಗಾಳಿ ಎಳೆಯುತ್ತಿರಬಹುದು. ಇಂಜೆಕ್ಟರ್‌ಗಳಿಂದ ರಿಟರ್ನ್, ಅಂದರೆ ಬಳಕೆಯಾಗದೆ ವಾಪಸ್ ಹೋಗುವ ಡೀಸೆಲ್, ಜಾಸ್ತಿ ಹೋಗುತ್ತಿರಬಹುದು. ಒತ್ತಡ ನಿಯಂತ್ರಿಸುವ ವಾಲ್ವ್ ಸಿಕ್ಕಿಕೊಂಡಿರಬಹುದು, ಸೆನ್ಸರ್ರೇ ಸುಳ್ಳು ಹೇಳುತ್ತಿರಬಹುದು. ಪಂಪ್ ಈ ಪಟ್ಟಿಯ ಕೊನೆಗೆ ಬರಬೇಕು.

ಎರಡನೇ ಸಲ ಡೀಸೆಲ್ ಪಂಪ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಕೋಡ್ ನೋಡಿ ಬದಿಗಿಟ್ಟರು. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆಗೆದು, ಎಂಜಿನ್ ಕೇಳುತ್ತಿರುವ ಒತ್ತಡ ಎಷ್ಟು, ನಿಜಕ್ಕೂ ಸಿಗುತ್ತಿರುವುದು ಎಷ್ಟು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಗಾಡಿ ಓಡಿಸಿದರು. ಐಡಲ್‌ನಲ್ಲಿ ಎರಡೂ 300 ಬಾರ್ ಆಸುಪಾಸು, ಸರಿಯಾಗಿತ್ತು. ಏರಿನಲ್ಲಿ ಎಂಜಿನ್ 1000 ಬಾರ್ ದಾಟಿ ಕೇಳುತ್ತಿದೆ, ಸಿಗುವುದು ಮಾತ್ರ ಹಿಂದೆ ಬೀಳುತ್ತಿದೆ. ವಾಪಸ್ ಬಂದು ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಹೋಸ್ ತೆಗೆದು, ಆ ಜಾಗಕ್ಕೆ ಪಾರದರ್ಶಕ ಹೋಸ್ ಹಾಕಿದರು. ರೇಸ್ ಮಾಡಿದ ತಕ್ಷಣ ಡೀಸೆಲ್ ಜೊತೆ ಗುಳ್ಳೆಗಳ ಸಾಲು. ಫಿಲ್ಟರ್ ಮೇಲೆ ಕೈಯಲ್ಲಿ ಒತ್ತುವ ಪ್ರೈಮರ್ ಇರುತ್ತಲ್ಲ, ಅದರ ಕೆಳಗಿನ ರಬ್ಬರ್ ವಾಷರ್ ಸೀಳಿತ್ತು. ನನ್ನ ಗಾಡಿಯಲ್ಲಿ ಟ್ಯಾಂಕಿನೊಳಗೆ ಮೋಟಾರ್ ಇಲ್ಲ, ಎಂಜಿನ್ ಕಡೆಯ ಪಂಪೇ ಡೀಸೆಲ್ ಎಳೆದುಕೊಳ್ಳಬೇಕು. ಹಾಗಾಗಿ ಸೀಳು ಇದ್ದರೂ ಡೀಸೆಲ್ ಹೊರಗೆ ಸೋರಲಿಲ್ಲ, ಗಾಳಿ ಒಳಗೆ ಹೋಯಿತು. ನೆಲದ ಮೇಲೆ ಒಂದು ಹನಿ ಗುರುತೂ ಇರಲಿಲ್ಲ.

ವಾಷರ್, ಹೊಸ ಫಿಲ್ಟರ್, ಕೂಲಿ ಸೇರಿ ಸಾವಿರಗಳ ಲೆಕ್ಕದಲ್ಲೂ ದೊಡ್ಡ ಮೊತ್ತ ಆಗಲಿಲ್ಲ. ಆದರೆ ಮೊದಲ ಗ್ಯಾರೇಜಿನವರು ಮಾಡಿಟ್ಟ ಇನ್ನೊಂದು ಕೆಲಸ ಬಾಕಿ ಇತ್ತು. ಅಲ್ಲಿಂದ ಬಂದಾಗಿನಿಂದ ಗಾಡಿ ಐಡಲ್‌ನಲ್ಲಿ ಕಟಕಟ ಅನ್ನುತ್ತಿತ್ತು. ಬಹಳಷ್ಟು ಕಾಮನ್ ರೈಲ್ ಇಂಜೆಕ್ಟರ್‌ಗಳ ತಲೆಯ ಮೇಲೆ ಅಂಕಿ, ಅಕ್ಷರ ಸೇರಿದ ಕೋಡ್ ಕೆತ್ತಿರುತ್ತದೆ. ಯಾವ ಸಿಲಿಂಡರ್‌ನಲ್ಲಿ ಯಾವ ಇಂಜೆಕ್ಟರ್ ಇದೆ ಅಂತ ಅದನ್ನು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಬರೆಯಬೇಕು. ಇವರು ಬಿಚ್ಚಿದ್ದನ್ನು ಅದಲು ಬದಲು ಮಾಡಿ ಕೂರಿಸಿದ್ದರು, ಬರೆಯುವ ಗೋಜಿಗೆ ಹೋಗಿರಲಿಲ್ಲ. ಇಂಜೆಕ್ಟರ್ ಬಿಚ್ಚಲೇಬೇಕು ಅಂದರೆ ಮುಂಚೆಯೇ ಆ ಕೋಡ್‌ಗಳ ಫೋಟೋ ತೆಗೆದುಕೊಳ್ಳಿ. ನಿಮ್ಮದೇ ವಾಪಸ್ ಬಂತಾ ಅನ್ನುವುದಕ್ಕೂ ಅದೇ ಸಾಕ್ಷಿ. ಬಿಚ್ಚದೆಯೇ ರಿಟರ್ನ್ ಪರೀಕ್ಷೆ ಮಾಡಬಹುದು: ನಾಲ್ಕು ರಿಟರ್ನ್ ಪೈಪ್‌ಗೆ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಓಡಿಸಿ, ಯಾವುದು ಬೇಗ ತುಂಬುತ್ತದೆ ನೋಡುವುದು. ಅದನ್ನು ಕೇಳಿ ಮಾಡಿಸಿ.

ಇಲ್ಲಿ ಒಂದು ಅಪಾಯದ ಮಾತು. ಹಳೇ ಯಾಂತ್ರಿಕ ಪಂಪ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡುವ ಅಭ್ಯಾಸ ಇತ್ತು. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲು ಬಿಡಲೇಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕೈ ಕತ್ತರಿಸುವ ತನಕ ಹೋಗಬಹುದು.

ಕೋಡ್ ಅಳಿಸುವ ವಿಷಯಕ್ಕೆ ಬರೋಣ. ಅನೇಕ ಗಾಡಿಗಳಲ್ಲಿ ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಒಂದಷ್ಟು ಮಾಹಿತಿ ಉಳಿದಿರುತ್ತದೆ. ತೊಂದರೆ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ವೇಗ, ಲೋಡ್, ಎಂಜಿನ್ ಬಿಸಿ ಎಷ್ಟಿತ್ತು ಅಂತ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಎಷ್ಟೋ ಹಳೇ ಗಾಡಿಗಳಲ್ಲಿ ಹೋಗಿಬಿಡುತ್ತದೆ. ಮೊದಲು ಪರದೆಯ ಫೋಟೋ, ಆಮೇಲೆ ಉಳಿದದ್ದು.

ಮನೆಯಲ್ಲೇ ನೋಡೋಣ ಅಂತ ಅಗ್ಗದ ಬ್ಲೂಟೂತ್ ಅಡಾಪ್ಟರ್ ತರಿಸುವವರಿಗೂ ಎರಡು ಮಾತು. ನಮ್ಮಲ್ಲಿ ಬಿಎಸ್ 4 ಕಾರುಗಳಿಗೆ ಒಬಿಡಿ, ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ, ಅದರ ಮೊದಲ ಹಂತ ಬಂದಿದ್ದು 2010ರ ಏಪ್ರಿಲ್‌ನಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಗಾಡಿಯಲ್ಲಿ 16 ಪಿನ್ನಿನ ಸಾಕೆಟ್ ಇದೆ ಅಂದ ಮಾತ್ರಕ್ಕೆ ಎಲ್ಲಾ ಅಡಾಪ್ಟರ್ ಜೊತೆ ಮಾತಾಡುತ್ತದೆ ಅಂತಲ್ಲ. ಹಳೆಯವು ಬಹುಪಾಲು 7ನೇ ಪಿನ್ನಿನ ಕೆ-ಲೈನ್ ಅನ್ನುವ ಹಳೇ ತಂತಿಯ ಮೇಲೆ ಮಾತಾಡುತ್ತವೆ, ಎಷ್ಟೋ ನಕಲಿ ಇಎಲ್ಎಂ327 ಚಿಪ್ಪಿನ ಅಡಾಪ್ಟರ್‌ಗಳಿಗೆ ಅದು ಸರಿಯಾಗಿ ಬರುವುದಿಲ್ಲ. ಕನೆಕ್ಟ್ ಆಗಲಿಲ್ಲ ಅಂದ ಕೂಡಲೇ "ಇಸಿಯು ಹೋಗಿದೆ" ಅನ್ನುವವರೂ ಇದ್ದಾರೆ, ನಂಬಬೇಡಿ. ಮೊದಲು ಫ್ಯೂಸ್ ನೋಡಿ. 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಬರಬೇಕು. ಕೆಲವು ಗಾಡಿಗಳಲ್ಲಿ ಸಿಗರೇಟ್ ಲೈಟರ್‌ಗೂ ಅದಕ್ಕೂ ಒಂದೇ ಫ್ಯೂಸ್.

ಪಿ1 ಅಂತ ಶುರುವಾಗುವ ಕೋಡ್ ಬಂದರೆ ಸುಮ್ನೆ ಮೊಬೈಲ್ ಆ್ಯಪ್ ಹೇಳುವ ಅರ್ಥ ಹಿಡಿದುಕೊಳ್ಳಬೇಡಿ. ಅವನ್ನು ಆಯಾ ಕಂಪನಿಯವರೇ ಇಟ್ಟುಕೊಂಡಿರುತ್ತಾರೆ, ಒಂದೇ ಸಂಖ್ಯೆಗೆ ಎರಡು ಕಂಪನಿಯಲ್ಲಿ ಎರಡು ಅರ್ಥ. ಒಟ್ಟಿಗೆ ರಾಶಿ ಕೋಡ್ ಬಂದರೆ ಬ್ಯಾಟರಿ ವೋಲ್ಟೇಜ್ ಅಳೆಸಿ. ಸುಸ್ತಾದ ಬ್ಯಾಟರಿ ಸ್ಟಾರ್ಟ್ ಮಾಡುವಾಗ ಇಲ್ಲದ ಕಾಯಿಲೆಗಳನ್ನೆಲ್ಲಾ ತೋರಿಸುತ್ತದೆ.

ದುಡ್ಡು ವಾಪಸ್ ಕೇಳಲು ಮೊದಲ ಗ್ಯಾರೇಜಿಗೆ ಹೋಗಿದ್ದೆ. ಬಿಲ್ ತೋರಿಸಿ ಅಂದರು. ತೋರಿಸಿದೆ. ಅದರಲ್ಲಿ ಇದ್ದದ್ದು "ಪಂಪ್ ವರ್ಕ್, ಇಂಜೆಕ್ಟರ್ ವರ್ಕ್" ಅಂತ ಎರಡು ಸಾಲು. ಬಂದ ಕೋಡ್ ಇಲ್ಲ, ಹಾಕಿದ ಪಾರ್ಟ್ ನಂಬರ್ ಇಲ್ಲ, ಓಡೋಮೀಟರ್ ಓದು ಇಲ್ಲ, ಹಳೇ ಪಾರ್ಟ್ ವಾಪಸ್ ಕೊಟ್ಟಿಲ್ಲ. "ನಾವು ಮಾಡಿದ ಕೆಲಸ ಸರಿಯಾಗೇ ಇದೆ ಸಾರ್, ವಾಷರ್ ಹೋಗಿದ್ದು ಆಮೇಲೆ" ಅಂದರು. ಅಲ್ಲ ಅಂತ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನೀವು ಈ ನಾಲ್ಕನ್ನೂ ಬಿಲ್ ಕಟ್ಟುವ ಮುಂಚೆಯೇ ಕೇಳಿ ತೆಗೆದುಕೊಳ್ಳಿ.